ಹಳೇ ವಿಮಾನ ನಿಧಾನ ಆಯ್ತಾ? ಮೊದಲು ಅಳೀರಿ, ಆಮೇಲೆ ಬಿಚ್ಚಿ (ಭಾಗ 6)

ನಾಗಸಂದ್ರ ಮೆಟ್ರೋದಲ್ಲಿ ಇಳಿದು ಪೀಣ್ಯದ ಶೆಡ್‌ಗಳ ಕಡೆ ಹೋದ್ರೆ ಒಂದು ಮಾತು ಕೇಳ್ತಾನೇ ಇರುತ್ತೆ: “ಹಳೇ ಮಷಿನ್ ಗುರು, ಇಷ್ಟೇ ಓಡೋದು.” ವಿಮಾನದ ವಿಷಯದಲ್ಲಿ ಈ ಮಾತನ್ನ ನಾನು ಒಪ್ಪಲ್ಲ. ‘ಹಳೇದು’ ಅನ್ನೋದು ಉತ್ತರ ಅಲ್ಲ, ಹುಡುಕೋಕೆ ಸೋಮಾರಿತನ.

ನಮ್ಮ ಜಕ್ಕೂರಿನಂಥ ತರಬೇತಿ ಜಾಗಗಳಲ್ಲಿ ಸೆಸ್ನಾ ಹೆಸರು ಕೇಳದವರಿಲ್ಲ. ಸೆಸ್ನಾ 152 ತಯಾರಿಕೆ 1985ಕ್ಕೇ ನಿಂತಿದೆ. ಅಂದ್ರೆ ಇವತ್ತು ಹಾರೋ ಪ್ರತಿಯೊಂದು 152ಕ್ಕೂ ಹತ್ತತ್ರ ನಮ್ಮ ಅಪ್ಪ-ಅಮ್ಮನ ವಯಸ್ಸು. ಪುಸ್ತಕದ ಪ್ರಕಾರ 100 ನಾಟ್ ಬರಬೇಕು, 95 ಬರ್ತಿದೆ ಅಂದ್ಕೊಳ್ಳಿ. ಉಳಿದ 5 ಎಲ್ಲಿ ಹೋಯ್ತು?

ಎಲ್ಲರೂ ಬೆರಳು ತೋರಿಸೋದು ಎಂಜಿನ್ ಕಡೆಗೆ. ಸ್ವಲ್ಪ ಲೆಕ್ಕ ಹಾಕಿ. ಕ್ರೂಸ್‌ನಲ್ಲಿ ಬೇಕಾದ ಶಕ್ತಿ ಹೆಚ್ಚುಕಮ್ಮಿ ವೇಗದ ಘನದಷ್ಟು ಏರುತ್ತೆ. 0.95ರ ಘನ 0.857. ಬರೀ ಎಂಜಿನ್ನಿಂದಲೇ 5 ನಾಟ್ ಹೋಗಬೇಕಾದ್ರೆ ಶೇ 14ರಷ್ಟು ಶಕ್ತಿ ಕಾಣೆಯಾಗಿರಬೇಕು! ಅಷ್ಟು ಹೋಗಿದ್ರೆ ಟೇಕಾಫ್‌ನಲ್ಲೇ ಗೊತ್ತಾಗುತ್ತೆ. ಗೊತ್ತಾಗ್ತಿಲ್ವಾ? ಹಾಗಾದ್ರೆ ಈ ಕ್ರಮದಲ್ಲಿ ಹುಡುಕಿ.

1️⃣ ನಿಜವಾಗ್ಲೂ ನಿಧಾನನಾ?
ಮೀಟರ್ ತೋರಿಸೋದು ಇಂಡಿಕೇಟೆಡ್ ಸ್ಪೀಡ್, ಪುಸ್ತಕದ ಕ್ರೂಸ್ ಟೇಬಲ್‌ನಲ್ಲಿರೋದು ಟ್ರೂ ಏರ್‌ಸ್ಪೀಡ್. ಪ್ರತಿ 1000 ಅಡಿಗೆ ಸುಮಾರು ಶೇ 2 ವ್ಯತ್ಯಾಸ. ಬೆಂಗಳೂರಿನ ನೆಲವೇ 3000 ಅಡಿ ಹತ್ತಿರ. 5000 ಅಡಿಯಲ್ಲಿ ಮೀಟರ್ 91 ತೋರಿಸಿದ್ರೂ ನಿಜವಾದ ವೇಗ 100ರ ಆಸುಪಾಸು. ಗಾಳಿ ಕಮ್ಮಿ ಇರೋ ಬೆಳಿಗ್ಗೆ ಒಂದೇ ಎತ್ತರ, ಒಂದೇ ಆರ್‌ಪಿಎಂ ಇಟ್ಟು ನಾಲ್ಕೂ ದಿಕ್ಕಿಗೆ ಹಾರಿ. ಜಿಪಿಎಸ್ ವೇಗಗಳ ಸರಾಸರಿ ತೆಗೆದ್ರೆ ಗಾಳಿಯ ಆಟ ಬಹುತೇಕ ಕಳೆದುಹೋಗುತ್ತೆ.

2️⃣ ಮೀಟರ್ ಸುಳ್ಳು ಹೇಳ್ತಿದ್ಯಾ?
ಪಿಟಾಟ್ ಲೈನ್ ಲೀಕ್ ಆದ್ರೆ ವೇಗ ಕಮ್ಮಿ ತೋರಿಸುತ್ತೆ. ಕೇಬಲ್‌ನಿಂದ ಓಡೋ ಹಳೇ ಟ್ಯಾಕೋಮೀಟರ್ 2400 ಅಂದಾಗ ನಿಜಕ್ಕೂ 2300 ಇದ್ರೆ, ಫಿಕ್ಸೆಡ್ ಪ್ರೊಪೆಲ್ಲರ್‌ಗೆ ಹೋಗೋ ಶಕ್ತಿ ಶೇ 12ರಷ್ಟು ಕಮ್ಮಿ. ನಮ್ಮ ಲ್ಯಾಬ್‌ನಲ್ಲಿ ಮೋಟರ್‌ಗೆ ಹಿಡಿಯೋ ಆಪ್ಟಿಕಲ್ ಟ್ಯಾಕೋಮೀಟರ್ ಥರದ್ದೇ ಇದನ್ನೂ ಹಿಡಿದುಹಾಕುತ್ತೆ.

3️⃣ ಗಾಳಿಗೆ ಏನು ಅಡ್ಡ ಬರ್ತಿದೆ?
ಫ್ಲಾಪ್ ಪೂರ್ತಿ ಮೇಲೆ ಬಂದಿದ್ಯಾ? ರೆಕ್ಕೆಗಳ ರಿಗ್ಗಿಂಗ್ ಸರಿ ಇದ್ಯಾ? ಚಕ್ರದ ಫೇರಿಂಗ್ ಬಿಚ್ಚಿಟ್ಟಿದ್ದಾರಾ? ಬೆಂಗಳೂರಲ್ಲೇ ಎಚ್‌ಎಎಲ್ ಕಟ್ಟಿ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್‌ಗೆ ಇದ್ದಿದ್ದು ಬರೀ 90 ಅಶ್ವಶಕ್ತಿ. ಇಂಥ ಪುಟ್ಟ ಎಂಜಿನ್‌ಗೆ ಚಿಕ್ಕ ಅಡ್ಡಿನೂ ಭಾರ.

4️⃣ ಪ್ರೊಪೆಲ್ಲರ್
ಕಲ್ಲು ತಾಗಿದ ಗಾಯಗಳಿಗೆ ವರ್ಷಗಟ್ಟಲೆ ಅರ ಹಾಕಿ ಹಾಕಿ ಬ್ಲೇಡ್ ಸವೆದಿರಬಹುದು. ಕಮ್ಮಿ ಪಿಚ್ ಇರೋದು ಮೇಲೇರೋಕೆ ಚೆಂದ, ಕ್ರೂಸ್‌ಗೆ ಅಲ್ಲ.

5️⃣ ಕೊನೆಗೆ ಎಂಜಿನ್
ಥ್ರಾಟಲ್ ಪೂರ್ತಿ ತೆರೀತಿದ್ಯಾ, ಕಾರ್ಬ್ ಹೀಟ್ ಬಾಗಿಲು ಸರಿಯಾಗಿ ಮುಚ್ತಿದ್ಯಾ, ಮ್ಯಾಗ್ನೆಟೊ ಟೈಮಿಂಗ್, ಕಂಪ್ರೆಷನ್.

“5 ನಾಟ್‌ಗೆ ಇಷ್ಟೆಲ್ಲಾ ಯಾಕೆ?” ಅಂತೀರಾ. 100ರ ಲೆಕ್ಕದಲ್ಲಿ 3 ಗಂಟೆಯ ದಾರಿಗೆ ಹೊರಟು 95ರಲ್ಲಿ ಹೋದ್ರೆ 9 ನಿಮಿಷಕ್ಕೂ ಹೆಚ್ಚು ತಡ. ಆ 9 ನಿಮಿಷ ತಿನ್ನೋದು ನಿಮ್ಮ ಮೀಸಲು ಇಂಧನವನ್ನ. ತಪ್ಪು ನಿಜಕ್ಕೂ ಎಂಜಿನ್‌ನಲ್ಲೇ ಇದ್ರೆ, ಏಪ್ರಿಲ್ ಮಧ್ಯಾಹ್ನದ ಬಿಸಿಯಲ್ಲಿ ರನ್‌ವೇ ಸಾಲದೆ ಹೋಗಬಹುದು. ಇನ್ನು ಗಂಟೆ ಲೆಕ್ಕದಲ್ಲಿ ಫೀಸ್ ಕಟ್ಟೋ ಸ್ಟೂಡೆಂಟ್ ಆ ನಿಮಿಷಗಳಿಗೂ ದುಡ್ಡು ಕಟ್ಟಬೇಕು.

ಬಣ್ಣದ ಮೇಲೆ ಬಣ್ಣ, ಚಿಕ್ಕ ನೆಗ್ಗು, ಇದೆಲ್ಲಾ ವಯಸ್ಸಿಗೆ ಸಹಜ, ಒಪ್ತೀನಿ. ಆದ್ರೆ ಅಳೆದು ನೋಡಿದ ಮೇಲೆ ಹೇಳಿ.

ಬಿಚ್ಚೋಕೆ ಡಿಜಿಸಿಎ ಲೈಸೆನ್ಸ್ ಇರೋ ಎಎಂಇ ಬೇಕು. ಪ್ರತಿ ಹಾರಾಟದ ಎತ್ತರ, ತಾಪಮಾನ, ಆರ್‌ಪಿಎಂ, ವೇಗ ಬರೆದಿಡೋಕೆ ಒಂದು ನೋಟ್‌ಬುಕ್ ಸಾಕು.

ನಿಮ್ಮ ವರ್ಕ್‌ಶಾಪ್‌ನಲ್ಲಿ ‘ಹಳೇದು’ ಅಂತ ಕೈಬಿಟ್ಟಿರೋ ಮಷಿನ್ ಯಾವುದು? ಕೆಳಗೆ ಬರೀರಿ 👇

#ನಾಗಸಂದ್ರ #ಪೀಣ್ಯ #ಜಕ್ಕೂರು #ಮೊದಲುಅಳೀರಿ