ಆರೋಪ ಅಪ್‌ಡೇಟ್ ಮೇಲೆ, ಸಾಕ್ಷಿ ಎಲ್ಲಿ?

ಕ್ಯಾಂಪಸ್ ನೇಮಕಾತಿಯ ಆನ್‌ಲೈನ್ ಪರೀಕ್ಷೆಗೆ ಎರಡೇ ದಿನ ಬಾಕಿ ಇತ್ತು. ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್‌ನ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಆಮೆಯಾಯಿತು. ಒಂದು ಫೋಲ್ಡರ್ ತೆರೆಯಲು ಅರ್ಧ ನಿಮಿಷ, ಫೈಲ್ ಸೇವ್ ಮಾಡಿದರೆ ಪರದೆ ಸ್ತಬ್ಧ. ‘ಮೊನ್ನೆ ಅಪ್‌ಡೇಟ್ ಆಯ್ತಲ್ಲ, ಎಲ್ಲಾ ಅದರದ್ದೇ ಕೆಲಸ ಕಣೋ’ ಎಂದು ಅವನು ತೀರ್ಪು ಕೊಟ್ಟ. ರಿಪೇರಿ ಅಂಗಡಿಯವರು ‘ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕಿಸಿ’ ಎಂದರು. ಇಬ್ಬರಲ್ಲಿ ಒಬ್ಬರೂ ಏನನ್ನೂ ಅಳೆದು ನೋಡಿರಲಿಲ್ಲ.

ಇದು ಒಂದು ರೂಮಿನ ಕಥೆಯಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡ ನಮ್ಮಂಥ ಎಷ್ಟೋ ವಿದ್ಯಾರ್ಥಿಗಳು ವಿಂಡೋಸ್ 11ಕ್ಕೆ ಹೋಗಬೇಕೇ ಬೇಡವೇ ಎಂಬ ಗೊಂದಲದಲ್ಲಿದ್ದೇವೆ. ‘ಅಪ್‌ಡೇಟ್ ಮಾಡಿದರೆ ಸ್ಲೋ ಆಗುತ್ತೆ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಈ ಮಾತು ನಿಜವೇ? ಒಮ್ಮೆ ಪೂರ್ತಿ ನಿಜವಾಗಿತ್ತು. ಇನ್ನೊಮ್ಮೆ ಸಾಬೀತಾಗಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಲಿಯಲು ಬಹಳಷ್ಟಿದೆ.

ಮೊದಲನೆಯದು 2021ರ ಪ್ರಕರಣ. ಆ ವರ್ಷ ಅಕ್ಟೋಬರ್ 5ರಂದು ವಿಂಡೋಸ್ 11 ಬಿಡುಗಡೆಯಾಯಿತು. ಕೆಲವೇ ದಿನಗಳಲ್ಲಿ ಬಳಕೆದಾರರಿಂದ ದೂರು ಶುರುವಾಯಿತು: ವೇಗಕ್ಕೇ ಹೆಸರಾದ ಎನ್‌ವಿಎಂಇ ಎಸ್‌ಎಸ್‌ಡಿಗಳು ವಿಂಡೋಸ್ 10ರಲ್ಲಿ ಇದ್ದಷ್ಟು ಚುರುಕಾಗಿಲ್ಲ. ಆಗ ಸಂಶಯಕ್ಕೆ ಕಾರಣಗಳು ಹಲವಿದ್ದವು. ಡ್ರೈವರ್ ಇರಬಹುದು, ಹೊಸ ಭದ್ರತಾ ವ್ಯವಸ್ಥೆ ಇರಬಹುದು. ಎಎಂಡಿ ಪ್ರೊಸೆಸರ್‌ಗಳ ಎಲ್3 ಕ್ಯಾಶ್ ನಿಧಾನವಾಗುವ ಬೇರೊಂದು ದೋಷವೂ ಆಗಲೇ ಸುದ್ದಿಯಲ್ಲಿತ್ತು. ಅದಕ್ಕೆ ಅಕ್ಟೋಬರ್‌ನಲ್ಲೇ ಪರಿಹಾರ ಬಂತು. ಆದರೆ ಡಿಸ್ಕ್‌ಗಳ ದೂರು ನಿಲ್ಲಲಿಲ್ಲ.

ದಾರಿ ತೋರಿಸಿದ್ದು ಅಳತೆ. ಎಸ್‌ಎಸ್‌ಡಿ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘ಸೆಕೆಂಡಿಗೆ 7,000 ಎಂಬಿ’ ಎಂದು ಅಚ್ಚಾಗಿರುತ್ತದಲ್ಲ, ಅದು ಒಂದು ದೊಡ್ಡ ಫೈಲನ್ನು ಸಾಲಾಗಿ ಓದುವ ವೇಗ. ನಮ್ಮ ದಿನನಿತ್ಯದ ಕೆಲಸ ಹಾಗಿರುವುದಿಲ್ಲ. ಬ್ರೌಸರ್ ತೆರೆದಾಗ, ಪ್ರೋಗ್ರಾಂ ಕಂಪೈಲ್ ಮಾಡಿದಾಗ ನೂರಾರು ಪುಟ್ಟ ಪುಟ್ಟ ತುಣುಕುಗಳು ಡಿಸ್ಕ್‌ನ ಬೇರೆ ಬೇರೆ ಕಡೆ ಓದಲ್ಪಡುತ್ತವೆ, ಬರೆಯಲ್ಪಡುತ್ತವೆ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನಂಥ ಉಚಿತ ತಂತ್ರಾಂಶ ಈ ಎರಡು ವೇಗಗಳನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಬಳಕೆದಾರರು ಅಳೆದಾಗ ಪೆಟ್ಟು ಎದ್ದು ಕಂಡದ್ದು ಎರಡನೆಯದರಲ್ಲಿ, ಅದರಲ್ಲೂ ಬರೆಯುವ ವೇಗದಲ್ಲಿ.

ಇನ್ನೂ ದೊಡ್ಡ ಸುಳಿವು ಮತ್ತೊಂದು ಹೋಲಿಕೆಯಿಂದ ಸಿಕ್ಕಿತು. ಅದೇ ಕಂಪ್ಯೂಟರ್, ಅದೇ ವಿಂಡೋಸ್. ಆದರೆ ವಿಂಡೋಸ್ ಕೂತಿರುವ ಸಿ ಡ್ರೈವ್ ನಿಧಾನ, ಪಕ್ಕದ ಎರಡನೇ ಡ್ರೈವ್ ಸರಿಯಾಗಿಯೇ ಇದೆ. ಹಾಗಾದರೆ ಪ್ರೊಸೆಸರ್ ಮೇಲಿನ ಸಂಶಯ ಬಿದ್ದುಹೋಯಿತು, ಯಂತ್ರಾಂಶ ಕೆಟ್ಟಿದೆ ಎಂಬ ಸಂಶಯವೂ ಸಡಿಲವಾಯಿತು. ಸಿ ಡ್ರೈವ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಏನು ಎಂಬ ಒಂದೇ ಪ್ರಶ್ನೆ ಉಳಿಯಿತು.

ಉತ್ತರ ಯುಎಸ್‌ಎನ್ ಜರ್ನಲ್. ಇದನ್ನು ಹಾಸ್ಟೆಲ್ ಗೇಟಿನ ರಿಜಿಸ್ಟರ್‌ಗೆ ಹೋಲಿಸಬಹುದು. ಡಿಸ್ಕ್‌ನಲ್ಲಿ ಯಾವ ಫೈಲ್ ಬದಲಾಯಿತು, ಯಾವುದು ಹೊಸದು, ಯಾವುದು ಅಳಿಸಿಹೋಯಿತು ಎಂಬುದನ್ನು ವಿಂಡೋಸ್ ಅದರಲ್ಲಿ ದಾಖಲಿಸುತ್ತದೆ. ಹುಡುಕಾಟ, ಬ್ಯಾಕಪ್ ಮುಂತಾದ ಕೆಲಸಗಳಿಗೆ ಈ ದಾಖಲೆ ನೆರವಾಗುತ್ತದೆ. ಸಿ ಡ್ರೈವ್‌ನಲ್ಲಿ ಈ ರಿಜಿಸ್ಟರ್ ಯಾವಾಗಲೂ ತೆರೆದೇ ಇರುತ್ತದೆ. ಬೇರೆ ಡ್ರೈವ್‌ಗಳಲ್ಲಿ ಇರಬಹುದು, ಇಲ್ಲದಿರಬಹುದು.

2021ರ ನವೆಂಬರ್ 22ರಂದು ಬಂದ ಕೆಬಿ5007262 ಎಂಬ ಅಪ್‌ಡೇಟ್‌ನ ಟಿಪ್ಪಣಿಯಲ್ಲಿ ಮೈಕ್ರೋಸಾಫ್ಟ್ ದೋಷವನ್ನು ಒಪ್ಪಿಕೊಂಡಿತು. ಈ ಜರ್ನಲ್ ಚಾಲನೆಯಲ್ಲಿರುವ ಡಿಸ್ಕ್‌ಗಳಲ್ಲಿ ಪ್ರತಿ ಬಾರಿ ಬರೆಯುವಾಗಲೂ ವಿಂಡೋಸ್ 11 ಅನಗತ್ಯ ಕೆಲಸಗಳನ್ನು ಮಾಡುತ್ತಿತ್ತು. ಎನ್‌ವಿಎಂಇ ಮಾತ್ರವಲ್ಲ, ಸಾಮಾನ್ಯ ಎಸ್‌ಎಸ್‌ಡಿ ಮತ್ತು ಹಾರ್ಡ್‌ಡಿಸ್ಕ್‌ಗಳಿಗೂ ಇದು ತಟ್ಟಿತ್ತು. ಡಿಸೆಂಬರ್‌ನ ಮಾಸಿಕ ಅಪ್‌ಡೇಟ್‌ನಲ್ಲಿ ಪರಿಹಾರ ಎಲ್ಲರಿಗೂ ತಲುಪಿತು. ಆ ಹೊತ್ತಿಗೆ ಬಿಡುಗಡೆಯಾಗಿ ಎರಡು ತಿಂಗಳು ದಾಟಿತ್ತು. ನಡುವೆ ಎಷ್ಟು ಜನ ಚೆನ್ನಾಗಿದ್ದ ಡಿಸ್ಕ್‌ಗೇ ಬೈದಿರಬಹುದು!

ಎರಡನೆಯದು 2025ರ ಆಗಸ್ಟ್‌ನದು. ಆ ತಿಂಗಳ ಭದ್ರತಾ ಅಪ್‌ಡೇಟ್ ಕೆಬಿ5063878 ಬಂದ ಮೇಲೆ, ಹತ್ತಾರು ಜಿಬಿಯಷ್ಟು ಮಾಹಿತಿಯನ್ನು ಒಂದೇ ಸಮನೆ ಬರೆಯುವಾಗ ಎಸ್‌ಎಸ್‌ಡಿಗಳು ಮಾಯವಾಗುತ್ತಿವೆ ಎಂದು ಜಪಾನ್‌ನಿಂದ ಬಂದ ವರದಿ ಜಗತ್ತಿನಾದ್ಯಂತ ಹಬ್ಬಿತು. ‘ಈ ಅಪ್‌ಡೇಟ್ ಹಾಕಬೇಡಿ’ ಎಂಬ ಸಂದೇಶಗಳು ಹರಿದಾಡಿದವು. ಎಸ್‌ಎಸ್‌ಡಿಗಳಿಗೆ ಕಂಟ್ರೋಲರ್ ತಯಾರಿಸುವ ತೈವಾನ್‌ನ ಫೈಸನ್ ಕಂಪನಿ ಒಟ್ಟು 4,500 ಗಂಟೆಗೂ ಹೆಚ್ಚು ಪರೀಕ್ಷೆ ನಡೆಸಿ, ಆ ತೊಂದರೆ ತನ್ನಲ್ಲಿ ಮರುಕಳಿಸಲಿಲ್ಲ ಎಂದಿತು. ಅಪ್‌ಡೇಟ್‌ಗೂ ಈ ವೈಫಲ್ಯಗಳಿಗೂ ಸಂಬಂಧ ಕಂಡುಬಂದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತು.

ಕಂಪನಿ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬಬೇಕು ಎಂದಲ್ಲ. 2021ರಲ್ಲಿ ಬಳಕೆದಾರರೇ ಸರಿಯಾಗಿದ್ದರು. ವ್ಯತ್ಯಾಸ ಇರುವುದು ಸಾಕ್ಷಿಯಲ್ಲಿ. ಅಂದಿನ ದೋಷವನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲೇ ಅಳೆದು ತೋರಿಸಬಹುದಿತ್ತು. 2025ರಲ್ಲಿ ಅದು ಆಗಲಿಲ್ಲ. ‘ಅಪ್‌ಡೇಟ್ ಆದ ಮೇಲೆ’ ಎಂಬುದಕ್ಕೂ ‘ಅಪ್‌ಡೇಟ್‌ನಿಂದ’ ಎಂಬುದಕ್ಕೂ ನಡುವೆ ಇರುವ ಅಂತರವನ್ನು ದಾಟಿಸುವುದು ಅಳತೆಯೊಂದೇ.

ಹಾಗೆಂದು ಹೆದರಿ ಅಪ್‌ಡೇಟ್ ನಿಲ್ಲಿಸಿದರೆ? 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ದಾಳಿ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ನಿಧಾನವಾದ ಡಿಸ್ಕ್‌ನಿಂದ ಸಮಯ ಹೋಗುತ್ತದೆ, ಮುಚ್ಚದ ಕಿಂಡಿಯಿಂದ ಪ್ರಾಜೆಕ್ಟ್, ಅಂಕಪಟ್ಟಿ, ಫೋಟೊ ಎಲ್ಲವೂ ಹೋಗಬಹುದು.

ಆದ್ದರಿಂದ ನಡುದಾರಿಯೊಂದಿದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಡಿಸ್ಕ್ ವೇಗವನ್ನು ಅಳೆದು, ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಮುಂದೆ ಸಂಶಯ ಬಂದಾಗ ಹಾಗೆಯೇ ಚಾರ್ಜರ್ ಹಾಕಿ, ಬೇರೆ ಪ್ರೋಗ್ರಾಂಗಳನ್ನು ಮುಚ್ಚಿ, ಎರಡು ಮೂರು ಬಾರಿ ಅಳೆಯಿರಿ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಹಿಸ್ಟರಿಯಲ್ಲಿ ಯಾವುದು ಯಾವ ದಿನ ಬಂತು ಎಂದು ನೋಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಬೇಕಾದರೆ ಆ ಒಂದು ಅಪ್‌ಡೇಟ್ ತೆಗೆದು ಮತ್ತೆ ಅಳೆಯಿರಿ, ನಂತರ ಹಾಕಿ ನೋಡಿ. ಇದೆಲ್ಲಕ್ಕೂ ಮೊದಲು ಬ್ಯಾಕಪ್ ಇರಲಿ. ಪರೀಕ್ಷೆ, ಸಂದರ್ಶನದ ವಾರವಾದರೆ ಅಪ್‌ಡೇಟನ್ನು ಕೆಲವು ದಿನ ಮುಂದೂಡುವ ಅವಕಾಶ ವಿಂಡೋಸ್‌ನಲ್ಲೇ ಇದೆ. ಮುಂದೂಡಿ, ಮರೆಯಬೇಡಿ.

ಇನ್ನು ನನ್ನ ರೂಮ್‌ಮೇಟ್‌ನ ಕಥೆ. ಆ ರಾತ್ರಿ ಇಬ್ಬರೂ ಕೂತು ನೋಡಿದೆವು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ಶೇ 100 ತೋರಿಸುತ್ತಿತ್ತು. ಸಿ ಡ್ರೈವ್‌ನಲ್ಲಿ ಉಳಿದಿದ್ದ ಜಾಗ ಮೂರು ಜಿಬಿಯೂ ಇಲ್ಲ. ಖಾಲಿ ಜಾಗವಿಲ್ಲದೆ ಎಸ್‌ಎಸ್‌ಡಿ ಹೊಸದನ್ನು ಬರೆಯಲು ಹೆಣಗುತ್ತದೆ. ಸಿನಿಮಾಗಳನ್ನು, ಹಳೆಯ ಸೆಮಿಸ್ಟರ್‌ನ ವಿಡಿಯೊಗಳನ್ನು ಹೊರಗಿನ ಡಿಸ್ಕ್‌ಗೆ ಸಾಗಿಸಿದೆವು. ಲ್ಯಾಪ್‌ಟಾಪ್ ಮೊದಲಿನಂತಾಯಿತು. ಅಪ್‌ಡೇಟ್ ಅಲ್ಲೇ ಇತ್ತು, ಹೊಸ ಎಸ್‌ಎಸ್‌ಡಿ ಬೇಕಾಗಲಿಲ್ಲ.

ಪರೀಕ್ಷೆ ದಾಟಿ ಸಂದರ್ಶನಕ್ಕೆ ಹೋದಾಗ ಅವನಿಗೆ ಕೇಳಿದ ಪ್ರಶ್ನೆಗಳಲ್ಲಿ ಒಂದು: ‘ಒಂದು ಸಿಸ್ಟಂ ಇದ್ದಕ್ಕಿದ್ದಂತೆ ನಿಧಾನವಾದರೆ ಮೊದಲು ಏನು ಮಾಡ್ತೀರಿ?’ ಅವನ ಉತ್ತರ: ‘ಮೊದಲು ಅಳೀತೀನಿ ಸರ್.’