ಒಂದೇ ಸಲಕ್ಕೆ ಟ್ಯಾಟೂ ಮಾಯವಾಗುತ್ತದೆಯೇ? ಲೇಸರ್ ನಿಜವಾಗಿ ಮಾಡುವುದೇನು?

‘ಈ ಕ್ರೀಮ್ ಹಚ್ಚಿ, ವಾರದಲ್ಲಿ ಟ್ಯಾಟೂ ಮಾಯ’, ‘ಒಂದೇ ಸಲ ಲೇಸರ್ ಮಾಡಿಸಿದರೆ ಸಾಕು’ ಎನ್ನುವ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಲೇ ಇರುತ್ತವೆ. ಹಳೆಯ ಹೆಸರು ಅಳಿಸಬೇಕೆನ್ನುವವರು, ಸೇನೆಯ ನೇಮಕಾತಿಗೆ ಹೊರಟವರು ಇವನ್ನು ನಂಬಿಬಿಡುತ್ತಾರೆ. ನಿಜವೇನು? ನೋಡೋಣ.

ಹಚ್ಚೆ ಏಕೆ ಅಳಿಯುವುದಿಲ್ಲ?

ನಮ್ಮ ಚರ್ಮದ ಮೇಲ್ಪದರ ಉದುರುತ್ತಾ ಹೊಸದಾಗುತ್ತಲೇ ಇರುತ್ತದೆ. ಆದರೆ ಹಚ್ಚೆಯ ಸೂಜಿ ಬಣ್ಣವನ್ನು ಅದರ ಕೆಳಗಿನ ಒಳಚರ್ಮಕ್ಕೆ ಇಳಿಸುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಬಣ್ಣದ ಕಣಗಳನ್ನು ನುಂಗುತ್ತವೆ. ಕರಗಿಸಲಾಗದೆ ಹಾಗೇ ಇಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಅದರ ಬಣ್ಣವನ್ನು ಇನ್ನೊಂದು ನುಂಗುತ್ತದೆ ಎಂಬುದನ್ನು 2018ರಲ್ಲಿ ಫ್ರಾನ್ಸ್‌ನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಅಜ್ಜಿಯ ಕೈಮೇಲಿನ ಹಚ್ಚೆ ಕೊನೆಯವರೆಗೂ ಉಳಿಯುವುದು ಇದರಿಂದಲೇ.

ಲೇಸರ್ ಏನು ಮಾಡುತ್ತದೆ?

ಲೇಸರ್ ಬಣ್ಣವನ್ನು ಒರೆಸುವುದಿಲ್ಲ, ಒಡೆಯುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಬೀಳುವ ಬೆಳಕನ್ನು ಬಣ್ಣದ ಕಣ ಹೀರಿಕೊಂಡು ಚೂರಾಗುತ್ತದೆ. ಆ ಚೂರುಗಳನ್ನು ಸಾಗಿಸುವ ಕೆಲಸ ನಮ್ಮ ದೇಹದ್ದೇ. ಅದಕ್ಕೆ ವಾರಗಟ್ಟಲೆ ಬೇಕು. ಹಾಗಾಗಿ ಸಾಮಾನ್ಯವಾಗಿ 6ರಿಂದ 8 ವಾರ ಬಿಟ್ಟು ಮುಂದಿನ ಸಲ ಮಾಡುತ್ತಾರೆ. ವೃತ್ತಿಪರರು ಹಾಕಿದ ಟ್ಯಾಟೂಗೆ 6ರಿಂದ 10 ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗಬಹುದು. ಅಂದರೆ ಒಂದು ವರ್ಷದ ಲೆಕ್ಕ.

ಕಪ್ಪು ಬಣ್ಣ ಸುಲಭವಾಗಿ ಮಾಸುತ್ತದೆ. ಹಳದಿ, ಹಸಿರು, ನೀಲಿ ಹಟಮಾರಿಗಳು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ತರಂಗಾಂತರದ ಲೇಸರ್ ಬೇಕು. ಬಿಳಿ ಬಣ್ಣವಂತೂ ಲೇಸರ್ ತಗುಲಿ ಕಪ್ಪಾಗಿಬಿಡುವುದೂ ಉಂಟು.

ನಮ್ಮ ಮೈಬಣ್ಣಕ್ಕೆ ಎಚ್ಚರಿಕೆ ಏಕೆ?

ಕಂದು ಚರ್ಮದಲ್ಲಿರುವ ಮೆಲನಿನ್ ಕೂಡ ಲೇಸರ್ ಬೆಳಕನ್ನು ಹೀರುತ್ತದೆ. ಯಂತ್ರದ ಆಯ್ಕೆ ತಪ್ಪಿದರೆ ಸುಟ್ಟ ಗಾಯ, ಬಿಳಿ ಅಥವಾ ಕಪ್ಪು ಕಲೆ ಉಳಿಯಬಹುದು. ನಮ್ಮಂಥ ಚರ್ಮಕ್ಕೆ 1064 ನ್ಯಾನೊಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಆದ್ದರಿಂದ ಬ್ಯೂಟಿ ಪಾರ್ಲರ್‌ಗಲ್ಲ, ಚರ್ಮರೋಗ ತಜ್ಞರ ಬಳಿಗೇ ಹೋಗಿ.

ಏನನ್ನು ನಿರೀಕ್ಷಿಸಬೇಕು?

ನೋವು ಇರುತ್ತದೆ, ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಚುರುಕೆನ್ನುತ್ತದೆ. ಮರಗಟ್ಟಿಸುವ ಕ್ರೀಮ್ ಹಚ್ಚುತ್ತಾರೆ. ಆಮೇಲೆ ಊತ, ನೀರುಗುಳ್ಳೆ ಬರಬಹುದು. ಗುಳ್ಳೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ, ಬಿಸಿಲಿಗೆ ಒಡ್ಡಬೇಡಿ. ಕೀವು ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ಇಷ್ಟಾದರೂ ಕೆಲವರಲ್ಲಿ ಮಸುಕು ನೆರಳು ಉಳಿಯುತ್ತದೆ.

ಕ್ರೀಮ್, ಸುಣ್ಣ, ಉಪ್ಪು?

ಒಳಚರ್ಮದ ಬಣ್ಣವನ್ನು ಮೇಲೆ ಹಚ್ಚುವ ಕ್ರೀಮ್ ತೆಗೆಯಲಾರದು. ಆಸಿಡ್, ಸುಣ್ಣ ಹಚ್ಚುವುದು, ಉಪ್ಪು ಹಾಕಿ ಉಜ್ಜುವುದು ಚರ್ಮವನ್ನೇ ಸುಟ್ಟು, ಕೆರೆದು ಹಾಕುತ್ತವೆ. ಹಚ್ಚೆ ಹೋದರೂ ಅದೇ ಜಾಗದಲ್ಲಿ ಗಾಯದ ಗುರುತು ಕಾಯಂ.

ನೇಮಕಾತಿಗೆ ಹೊರಟವರು ಮೊದಲು ಅಧಿಸೂಚನೆ ಓದಿ, ದೇಹದ ಯಾವ ಭಾಗದ ಹಚ್ಚೆಗೆ ಅವಕಾಶವಿದೆ ಎಂದು ನೋಡಿ. ತೆಗೆಸಲೇಬೇಕೆಂದರೆ ವರ್ಷ ಮೊದಲೇ ಶುರುಮಾಡಿ. ‘ವಾರದಲ್ಲಿ ಮಾಯ’ ಎಂಬ ಸಂದೇಶ ಬಂದರೆ ಅದನ್ನು ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿದವರ ಚರ್ಮ ಸುಡಬಹುದು.