ಕಲಿತವಳು ಕಲಿಸಲಿ

ಪ್ರತಿವರ್ಷವೂ ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ನಮ್ಮನ್ನು ಕಂಡವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಈ ಸಾರೆ ಎಷ್ಟು ಮಂದಿ ತೇರ್ಗಡೆಯಾದರು? ಪೋಷಕರು ಹೀಗೆ ಕೇಳುವುದು ಸಹಜವೇ ಸರಿ. ಉತ್ತರ ಹೇಳುವಾಗ ನಮಗೂ ಹೆಮ್ಮೆಯಾಗದಿರುವುದಿಲ್ಲ. ಆದರೆ ಈ ಸ್ಮರಣ ಸಂಚಿಕೆಯ ನಿಮಿತ್ತದಿಂದ, ಇದುವರೆಗೆ ಯಾರೂ ನಮ್ಮನ್ನು ಕೇಳದಿರುವ, ನಾವೂ ನಮ್ಮ ವಿದ್ಯಾರ್ಥಿನಿಯರನ್ನು ಕೇಳದೆ ಬಿಟ್ಟಿರುವ ಬೇರೊಂದು ಪ್ರಶ್ನೆಯನ್ನು ಮುಂದಿಡಬಯಸುತ್ತೇವೆ: ಇಲ್ಲಿ ಕಲಿತು ಹೋದವರಲ್ಲಿ ಎಷ್ಟು ಮಂದಿ ಇನ್ನೊಬ್ಬರಿಗೆ ಕಲಿಸಿದ್ದಾರೆ? ಮಿಷನ್ ಶಾಲೆಯ ಬೆಲೆಯನ್ನು ಈ ಎರಡನೆಯ ಪ್ರಶ್ನೆಯಿಂದಲೇ ಅಳೆಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷ ಕಾರಣವುಂಟು. 1948ರ ಸೆಪ್ಟೆಂಬರಿನವರೆಗೆ ರಾಯಚೂರು ನಿಜಾಮರ ಆಳಿಕೆಯಲ್ಲಿತ್ತು. ಸರಕಾರಿ ವಿದ್ಯಾಭ್ಯಾಸದಲ್ಲಿ ಉರ್ದುವಿಗೆ ಅಗ್ರಸ್ಥಾನವಿದ್ದುದರಿಂದ ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಶಾಲೆಯ ಪಾಠವು ಪರಭಾಷೆಯದಾಗಿತ್ತು. ತಾಯಿಯ ಸಹಾಯವು ಅದಕ್ಕೆ ದೊರೆಯುವಂತಿರಲಿಲ್ಲ. 1956ರ ನವೆಂಬರ್ 1ರಂದು ಈ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದಾಗ ಬಹಳ ಹಿಂದುಳಿದೇ ಸೇರಿತು. ಆ ಹಿಂಜರಿತ ಇನ್ನೂ ತೀರಿಲ್ಲ. 2011ರ ಜನಗಣತಿಯಲ್ಲಿ, ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ನೂರು ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ರಾಜ್ಯದಲ್ಲಿ 68 ಮಂದಿಯಿದ್ದರೆ ರಾಯಚೂರು ಜಿಲ್ಲೆಯಲ್ಲಿ 49 ಮಂದಿಯೂ ಇರಲಿಲ್ಲ. ಇದೇ ಜಿಲ್ಲೆಯ ಗಂಡಸರಲ್ಲಿ 70 ಮಂದಿ ಇದ್ದರು. ಈಗ ಊರೂರಿಗೆ ಶಾಲೆಯಿದೆ; 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು 2009ರ ಕಾಯಿದೆಯು ಸಾರಿದೆ. ಆದರೂ ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ದೇವದುರ್ಗ, ಮಾನ್ವಿಗಳ ಕಡೆ ಹೆಣ್ಣುಮಕ್ಕಳ ಹಾಜರಿ ಇಳಿಯುವುದನ್ನು ಅಧ್ಯಾಪಿಕೆಯರೆಲ್ಲರೂ ಬಲ್ಲರು. ಕಟ್ಟಡವೂ ಕಾಯಿದೆಯೂ ಬಾಗಿಲವರೆಗೆ ಬರುತ್ತವೆ. ಒಳಗೆ ಹೋಗಿ ತಾಯಿಯ ಮನಸ್ಸನ್ನು ತಿರುಗಿಸಬಲ್ಲವಳು ಮಗಳೇ.

ಇದಕ್ಕೆ ನಾವೇ ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು ನಮ್ಮ ವಸತಿಗೃಹದಲ್ಲಿದ್ದ ಬಾಲಕಿಯೊಬ್ಬಳು ದಸರೆಯ ರಜೆಯಲ್ಲಿ ತನ್ನ ತಾಯಿಗೆ ಹೆಸರು ಬರೆಯಲು ಕಲಿಸಿದಳು. "ಈ ವಯಸ್ಸಿನ್ಯಾಗ ನನಗ್ಯಾಕವ್ವ ಸಾಲಿ?" ಎಂದು ಮೊದಲು ನಕ್ಕ ತಾಯಿಯು, ರಜೆ ಮುಗಿಯುವುದರೊಳಗೆ ಗೋಡೆಯ ಮೇಲೆ ಇದ್ದಿಲಿನಿಂದ ಹೆಸರು ಬರೆದಳು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದಳೆಂದು ಕೇಳಿ ನಾವೆಲ್ಲರೂ ಸಂತೋಷಪಟ್ಟೆವು. ಮರುವರ್ಷ ಆ ತಾಯಿ ಶಾಲೆಗೆ ಬಂದಾಗ ಪುಸ್ತಕವೊಂದನ್ನು ಕೊಟ್ಟು ಓದಿರೆಂದೆವು. ಆಕೆ ತಲೆ ತಗ್ಗಿಸಿದಳು. ಹೆಸರಿನ ನಾಲ್ಕು ಅಕ್ಷರಗಳಲ್ಲದೆ ಬೇರೆ ಯಾವುದೂ ಆಕೆಗೆ ತಿಳಿದಿರಲಿಲ್ಲ. ತಪ್ಪು ಆಕೆಯದೂ ಅಲ್ಲ, ಮಗಳದೂ ಅಲ್ಲ. ಹದಿನೈದು ದಿನದ ಕೆಲಸವನ್ನು ಕಂಡು ತೃಪ್ತಿಪಟ್ಟ ನಮ್ಮದು. ಬಳಿಕ ಆ ಬಾಲಕಿಯು ರಜೆಗೆ ಹೋಗುವಾಗಲೆಲ್ಲ ಕಾಗುಣಿತದ ಪುಸ್ತಕವನ್ನು ಕೊಟ್ಟು ಕಳುಹಿಸಿದೆವು. ತಾಯಿಯು ನಿಧಾನವಾಗಿ ಪಡಿತರ ಚೀಟಿಯನ್ನೂ ಬಸ್ಸಿನ ಹಲಗೆಯನ್ನೂ ಓದುವಂತಾದಳು. ಹೊಲಕ್ಕೆ ಹೋಗುತ್ತಿದ್ದ ಕಿರಿಯ ಮಗಳನ್ನು ಶಾಲೆಗೆ ಹಾಕಿದವಳು ಆಕೆಯೇ. ನಾವು ಹೇಳಿ ಹಾಕಿಸಿದ್ದಲ್ಲ.

ಒಬ್ಬರಿಂದ ಒಬ್ಬರಿಗೆ ಸಾಗುವ ವಿದ್ಯೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಚರಿತ್ರೆಯಲ್ಲಿಯೂ ನಿದರ್ಶನವಿದೆ. ಮಾನ್ವಿಯ ಗದ್ದೆಗಳಿಗೆ ಕಾಲುವೆಯಿಂದ ನೀರುಣಿಸುವ ತುಂಗಭದ್ರೆಯ ಮೂಲವು ಪಶ್ಚಿಮ ಘಟ್ಟದ ಗಂಗಾಮೂಲ. ಅದೇ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಪಂಡಿತಾ ರಮಾಬಾಯಿಯವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಲೋಕನಿಂದೆಯನ್ನು ಲೆಕ್ಕಿಸದೆ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದರು. ಲಕ್ಷ್ಮೀಬಾಯಿಯವರು ಮಗಳಿಗೆ ಕಲಿಸಿದರು. ಮಗಳು 1883ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅಲ್ಲಿಯ ಮೊದಲ ವಿಧವಾ ವಿದ್ಯಾರ್ಥಿನಿಯಾದ ಗೋದೂಬಾಯಿಯವರು ಮುಂದೆ ಧೋಂಡೋ ಕೇಶವ ಕರ್ವೆಯವರ ಕೈ ಹಿಡಿದರು. ಕರ್ವೆಯವರು 1896ರಲ್ಲಿ ಪುಣೆಯಲ್ಲಿ ವಿಧವೆಯರ ಆಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು. ಅರಣ್ಯದ ಗುಡಿಸಲಿನಲ್ಲಿ ತಾಯಿ ಹೇಳಿಕೊಟ್ಟ ಪಾಠವು ಅಲ್ಲಿಯವರೆಗೆ ಮುಟ್ಟಿತು.

ಆದರೆ ಇದೇ ಚರಿತ್ರೆಯು ಎಚ್ಚರಿಕೆಯನ್ನೂ ಕೊಡುತ್ತದೆ. 1893ರಲ್ಲಿ ಶಾರದಾ ಸದನದಲ್ಲಿ ಮತಾಂತರವು ನಡೆಯುತ್ತಿದೆಯೆಂಬ ಶಂಕೆ ಹಬ್ಬಿ, ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಅಲ್ಲಿಂದ ಬಿಡಿಸಿಕೊಂಡು ಹೋದರು. ಮಿಷನ್ ಶಾಲೆಗಳ ವಿಷಯದಲ್ಲಿ ಆ ಶಂಕೆಯು ಇಂದಿಗೂ ಕೇಳಿಬರುವುದನ್ನು ನಾವು ಮರೆಮಾಚುವುದಿಲ್ಲ. ನಮ್ಮ ಮತವಿಷ್ಟೇ: ಅಕ್ಷರವನ್ನು ಆಮಿಷವನ್ನಾಗಿ ಮಾಡಕೂಡದು. ನಮ್ಮ ಕರ್ತನ ಮೇಲಿನ ವಿಶ್ವಾಸವೇ ನಮ್ಮನ್ನು ಈ ಸೇವೆಗೆ ಕರೆಯಿತೆಂದು ಹೇಳಲು ನಾಚುವುದಿಲ್ಲ. ಆದರೆ ಆ ಸೇವೆಗೆ ಪ್ರತಿಫಲವಾಗಿ ಏನನ್ನೂ ಬೇಡತಕ್ಕದ್ದಲ್ಲ. ಫಿಲಿಪ್ಪೀನ್ ದ್ವೀಪಗಳಲ್ಲಿ 1930ರಲ್ಲಿ ಫ್ರ್ಯಾಂಕ್ ಲಾಬಾಕ್ ಎಂಬ ಮಿಷನರಿಯು ಮಹಮ್ಮದೀಯರಾದ ಮರನಾವೋ ಜನರಿಗೆ ಓದುಬರಹ ಕಲಿಸತೊಡಗಿದರು. ಅಮೇರಿಕೆಯಿಂದ ಬರುವ ಹಣವು ಕುಗ್ಗಿ ಉಪಾಧ್ಯಾಯರಿಗೆ ಸಂಬಳವಿಲ್ಲದಂತಾದಾಗ, ಕಲಿತ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಕಲಿಸಲೇಬೇಕೆಂದು ವಿಧಿಸಿದವನು ಅಲ್ಲಿಯ ಮುಖಂಡನೇ. ಕಲಿಸಲು ಹಣವೂ ಮತಭೇದವೂ ಅಡ್ಡಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ನಮ್ಮ ಶಾಲೆಯ ದೋಷವನ್ನೂ ಒಪ್ಪಿಕೊಳ್ಳುವುದು ನ್ಯಾಯ. ಶೇಕಡಾವಾರು ಫಲಿತಾಂಶದ ಮೋಹಕ್ಕೆ ನಾವೂ ಬಿದ್ದೆವು. ಹತ್ತಿಯ ಹೊಲದಿಂದ ತಡವಾಗಿ ಬಂದ ಹುಡುಗಿಯನ್ನು, ಫಲಿತಾಂಶ ಕೆಡುವುದೆಂಬ ಭಯದಿಂದ, ಸೇರಿಸಿಕೊಳ್ಳಲು ಹಿಂದೆಗೆದ ದಿನಗಳೂ ಉಂಟು. ಆ ಮುಖಗಳು ನಮ್ಮನ್ನು ಇಂದಿಗೂ ಬಾಧಿಸುತ್ತವೆ. ಈ ವರ್ಷದಿಂದ ಸಂಜೆ ಒಂದು ತಾಸು ಶಾಲೆಯ ಪಡಸಾಲೆಯನ್ನು ಅಂತಹವರಿಗಾಗಿ ತೆರೆದಿಡಲು ನಿಶ್ಚಯಿಸಿದ್ದೇವೆ. ಕಲಿಸುವವರು ಮೇಲಿನ ತರಗತಿಯ ಬಾಲಕಿಯರೇ.

ಪೋಷಕರಲ್ಲಿ ನಮ್ಮ ವಿಜ್ಞಾಪನೆಯಿದು: ಮಗಳು ಆ ಒಂದು ತಾಸನ್ನು ಪರರಿಗೆ ಕೊಟ್ಟರೆ ತನ್ನ ಓದು ಹಾಳಾಗುವುದೆಂದು ಅಂಜಬೇಡಿರಿ. ಕಲಿಸುವವಳು ಎರಡನೆಯ ಸಾರೆ ಕಲಿಯುತ್ತಾಳೆಂಬುದು ನಮ್ಮ ಇಷ್ಟು ವರ್ಷಗಳ ಅನುಭವ. ಹಳೆಯ ವಿದ್ಯಾರ್ಥಿನಿಯರೇ, ನೀವು ರಾಯಚೂರು ನಗರದಲ್ಲಿ ದಾದಿಯರಾಗಿಯೋ ಗುಮಾಸ್ತೆಯರಾಗಿಯೋ ಇದ್ದರೆ, ನಿಮ್ಮ ಮನೆಯ ಪಾತ್ರೆ ತಿಕ್ಕುವ ಹೆಂಗಸಿಗೆ ಓದು ಬರುವುದೋ ಎಂದು ಒಮ್ಮೆ ಕೇಳಿರಿ. ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಿ ಸೊಸೆಯರಾಗಿದ್ದರೆ, ಅತ್ತೆಯಿಂದಲೇ ಆರಂಭಿಸಿರಿ. ಕಷ್ಟವೆಂಬುದನ್ನು ಬಲ್ಲೆವು, ಆದರೂ ಆರಂಭಿಸಿರಿ. ಒಬ್ಬಳೇ ಸಾಕು, ಆದರೆ ಹೆಸರು ಬರೆಯುವಲ್ಲಿಗೆ ನಿಲ್ಲಿಸದೆ, ಓದುವವರೆಗೂ ಕೈ ಬಿಡಬೇಡಿರಿ.

ಯಜಮಾನನು ಕೊಟ್ಟ ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನೀವೆಲ್ಲರೂ ಈ ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಕೇಳಿದ್ದೀರಿ. ಆತನು ಅದನ್ನು ಕದಿಯಲಿಲ್ಲ, ಕಳೆಯಲೂ ಇಲ್ಲ, ಬಳಸಲಿಲ್ಲ, ಅಷ್ಟೇ. ಮುಂದಿನ ಸಮ್ಮೇಳನದಲ್ಲಿ ನಿಮ್ಮನ್ನು ಕಂಡಾಗ ನಿಮ್ಮ ಕೆಲಸವನ್ನೂ ಸಂಬಳವನ್ನೂ ನಾವು ವಿಚಾರಿಸೆವು. ಯಾರಿಗೆ ಕಲಿಸಿದಿರಿ ಎಂದಷ್ಟೇ ಕೇಳುವೆವು.